ಬ್ಲಾಸ್ಟ್ ಶೇ 2ಕ್ಕೆ ಇಳಿದಿದೆ, ಆದರೂ ಮಜ್ಜೆ ಕಸಿ ಬೇಕೆನ್ನುತ್ತಾರೆ: ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಅನುಭವಸ್ಥರು ತಿಳಿಸಿ

ಬ್ಯಾಡಗಿಯ ಅಣ್ಣ

ನಮಸ್ಕಾರ. ಇಲ್ಲಿ ಮೊದಲ ಬಾರಿಗೆ ಬರೆಯುತ್ತಿದ್ದೇನೆ. ನನ್ನ ತಮ್ಮನಿಗೆ 31 ವರ್ಷ. ದಸರೆಯ ಹೊತ್ತಿಗೆ ಹಿಡಿದ ಜ್ವರ ಬಿಡಲೇ ಇಲ್ಲ, ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರುತ್ತಿತ್ತು. ಹಾವೇರಿಯಲ್ಲಿ ರಕ್ತ ತೋರಿಸಿದ ದಿನವೇ ಹುಬ್ಬಳ್ಳಿಗೆ ಹೊರಡಿ ಎಂದರು. ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ, ಎಎಂಎಲ್, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಏಳು ದಿನ ಸೈಟರಾಬಿನ್, ಅದರ ಜೊತೆ ಮೂರು ದಿನ ಡೌನೊರುಬಿಸಿನ್ ಎಂಬ ಕಿಮೋ ಔಷಧ ಕೊಟ್ಟರು. ಮೂವತ್ತೈದು ದಿನ ವಾರ್ಡಿನಲ್ಲೇ ಇದ್ದೆವು.

ಹೋದ ವಾರ ಮಜ್ಜೆಯ ವರದಿ ಬಂತು. ಶೇ 78 ಇದ್ದ ಬ್ಲಾಸ್ಟ್, ಅಂದರೆ ಬಲಿಯದ ರಕ್ತಕೋಶಗಳು, ಶೇ 2ಕ್ಕೆ ಇಳಿದಿವೆ, ರಿಮಿಷನ್ (ರೋಗ ಹತೋಟಿಗೆ ಬಂದಿದೆ) ಎಂದು ಬರೆದಿದ್ದಾರೆ. ಅಪ್ಪ ಅಂದೇ ಧಾರವಾಡ ಪೇಢೆ ತಂದು ವಾರ್ಡಿಗೆಲ್ಲ ಹಂಚಿದರು. ಮರುದಿನ ವೈದ್ಯರು ನಮ್ಮನ್ನು ಕೂರಿಸಿಕೊಂಡು, ಇನ್ನೂ ಜೋರಾದ ಕಿಮೋ ಕೊಡಬೇಕು, ಎಫ್‌ಎಲ್‌ಟಿ3 ಎಂಬ ಜೀನ್ ದೋಷ ಇರುವುದರಿಂದ ಅಸ್ಥಿಮಜ್ಜೆ ಕಸಿಗೂ ತಯಾರಾಗಿ, ಒಡಹುಟ್ಟಿದವರ ಮಜ್ಜೆ ಹೊಂದುತ್ತದೆಯೇ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆ ಮಾಡಿಸಿ ಎಂದರು. ಅಪ್ಪ ಅಂದಿನಿಂದ ಮಾತು ನಿಲ್ಲಿಸಿದ್ದಾರೆ. ‘ಹುಡುಗ ಎದ್ದು ಓಡಾಡುತ್ತಿದ್ದಾನೆ, ರೊಟ್ಟಿ ಉಣ್ಣುತ್ತಿದ್ದಾನೆ, ಗುಣವಾದವನಿಗೆ ಮತ್ತೆ ವಿಷ ಯಾಕೆ?’ ಎನ್ನುವುದು ಅವರ ಪ್ರಶ್ನೆ. ನನ್ನ ಬಳಿ ಉತ್ತರವಿಲ್ಲ. ಹೊಲದಲ್ಲಿ ಮೆಣಸಿನಕಾಯಿ ಕೆಂಪಾಗಿ ನಿಂತಿದೆ, ಅದನ್ನು ಬಿಡಿಸಿ ಮಾರಿದರೆ ಮಾತ್ರ ಕೈಯಲ್ಲಿ ದುಡ್ಡು. ಎರಡು ತಿಂಗಳು ತಡೆದು ಹೋದರೆ ಆಗುವುದಿಲ್ಲವೇ?

ಬೆಟಗೇರಿ ಮಗ್ಗ

ಅಣ್ಣಾ, ತಡೆಯಬೇಡಿ. ಮೊದಲ ಮಾತು ಇದೇ, ಉಳಿದದ್ದು ಆಮೇಲೆ.

ನನಗೂ ಎಎಂಎಲ್ ಆಗಿತ್ತು. ಕಸಿ ಆಗಿ ಆರು ವರ್ಷ ಕಳೆದಿವೆ. ನಿಮ್ಮ ತಂದೆಯವರ ಪ್ರಶ್ನೆಯನ್ನು ನಾನೇ ನನ್ನ ವೈದ್ಯರಿಗೆ ಕೇಳಿದ್ದೆ. ಅವರು ಒಂದು ಹಾಳೆಯ ಮೇಲೆ ಸೊನ್ನೆಗಳನ್ನು ಬರೆದು ತೋರಿಸಿದರು. ರೋಗ ಪತ್ತೆಯಾದಾಗ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿರುತ್ತವೆ. ಮೊದಲ ಕಿಮೋ ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ಕೊಂದರೂ ಸಾವಿರ ಕೋಟಿ ಉಳಿಯುತ್ತವೆ. ಅಷ್ಟು ಉಳಿದಿರುವಾಗಲೂ ರಕ್ತದ ವರದಿ ಸರಿಯಾಗಿಯೇ ಬರಬಹುದು, ಮನುಷ್ಯ ಆರೋಗ್ಯವಂತನ ಹಾಗೆಯೇ ಕಾಣುತ್ತಾನೆ. ಮಜ್ಜೆಯಲ್ಲಿ ಬ್ಲಾಸ್ಟ್ ಶೇ 5ಕ್ಕಿಂತ ಕಡಿಮೆ ಇದ್ದು ರಕ್ತಕಣಗಳು ಚೇತರಿಸಿಕೊಂಡರೆ ರಿಮಿಷನ್ ಎನ್ನುತ್ತಾರೆ. ಸೂಕ್ಷ್ಮದರ್ಶಕದ ಕಣ್ಣಿಗೆ ಬೀಳದ್ದು ಇಲ್ಲವೆಂದು ಹೇಳಲು ಬರುವುದಿಲ್ಲ. ಅಲ್ಲಿಗೇ ಬಿಟ್ಟರೆ ಹೆಚ್ಚಿನವರಲ್ಲಿ ಕೆಲವೇ ತಿಂಗಳಲ್ಲಿ ಅದು ಹಿಂದಿರುಗುತ್ತದೆ.

ನಿಮ್ಮ ಕಡೆ ಹೊಲದಲ್ಲಿ ಜೇಕು ಇರುತ್ತದಲ್ಲವೇ? ಎಡೆ ಹೊಡೆದ ದಿನ ಹೊಲ ಹಸನಾಗಿ ಕಾಣುತ್ತದೆ, ಗಡ್ಡೆ ಮಣ್ಣಿನಲ್ಲೇ ಇರುತ್ತದೆ. ತಂದೆಯವರಿಗೆ ಹೀಗೆ ಹೇಳಿ ನೋಡಿ.

ಹಾನಗಲ್ ರಸ್ತೆ

ನಮ್ಮ ಸೋದರಮಾವನವರು ರಿಮಿಷನ್ ಬಂದ ಮೇಲೆ ಆಸ್ಪತ್ರೆಗೆ ಹೋಗಲಿಲ್ಲ. ಗೋವಿನಜೋಳದ ರಾಶಿ ಮುಗಿಸಿ ಹೋಗುತ್ತೇನೆ ಎಂದರು. ಐದನೆಯ ತಿಂಗಳಲ್ಲಿ ತಿರುಗಿ ಬಂತು. ಎರಡನೆಯ ಸಲ ಅದೇ ಔಷಧ ಅವರಿಗೆ ಹತ್ತಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ದಯವಿಟ್ಟು ಹೋಗಿ.

ಸಪ್ತಾಪುರದಿಂದ

ನಾನು ಧಾರವಾಡದವಳು, ಕ್ಯಾನ್ಸರ್ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದೆ. ಬ್ಯಾಡಗಿಯ ಅಣ್ಣನವರೇ, ಮುಂದಿನ ಕಿಮೋ ಹೇಗಿರುತ್ತದೆ ಎಂದು ತಿಳಿದಿದ್ದರೆ ಭಯ ಕಡಿಮೆಯಾಗುತ್ತದೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇದನ್ನು ಕನ್ಸಾಲಿಡೇಷನ್ ಎನ್ನುತ್ತಾರೆ. ಮೊದಲ ಸಲ ಕೊಟ್ಟ ಸೈಟರಾಬಿನ್ ಔಷಧವನ್ನೇ ಹಲವು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಕೊಡುವುದು. 1994ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ರಿಮಿಷನ್ ಬಂದವರನ್ನು ಮೂರು ಗುಂಪು ಮಾಡಿ, ದೇಹದ ಪ್ರತಿ ಚದರ ಮೀಟರಿಗೆ 100 ಮಿಲಿಗ್ರಾಂ, 400 ಮಿಲಿಗ್ರಾಂ, 3 ಗ್ರಾಂ ಹೀಗೆ ಕೊಟ್ಟು ನೋಡಿದರು. 60 ವರ್ಷದೊಳಗಿನವರಲ್ಲಿ ನಾಲ್ಕು ವರ್ಷಗಳ ನಂತರ ರೋಗ ಮರುಕಳಿಸದೆ ಉಳಿದವರು ಮೊದಲ ಗುಂಪಿನಲ್ಲಿ ಶೇ 24, ಎರಡನೆಯದರಲ್ಲಿ ಶೇ 29, 3 ಗ್ರಾಂ ಪಡೆದವರಲ್ಲಿ ಶೇ 44. ಅದಕ್ಕಿಂತ ಹೆಚ್ಚು ವಯಸ್ಸಿನವರಲ್ಲಿ ಹೆಚ್ಚಿನ ಪ್ರಮಾಣದಿಂದ ಲಾಭವಾಗಲಿಲ್ಲ. ‘ಗುಣವಾದವನಿಗೆ ವಿಷ ಯಾಕೆ’ ಎನ್ನುವುದಕ್ಕೆ ಉತ್ತರ ಈ ಅಂಕಿಗಳಲ್ಲಿದೆ. ಈಗ ಅನೇಕ ಕಡೆ 3 ಗ್ರಾಂಗಿಂತ ಕಡಿಮೆಯನ್ನೂ ಕೊಡುತ್ತಾರೆ, ಅದನ್ನು ನಿಮ್ಮ ವೈದ್ಯರು ನಿರ್ಧರಿಸುತ್ತಾರೆ.

ಸಾಮಾನ್ಯವಾಗಿ ಒಂದು, ಮೂರು, ಐದನೆಯ ದಿನ, ಹನ್ನೆರಡು ಗಂಟೆಗೊಮ್ಮೆ ಡ್ರಿಪ್. ಕಣ್ಣಿಗೆ ಸ್ಟಿರಾಯ್ಡ್ ಹನಿ ತಪ್ಪದೆ ಹಾಕಬೇಕು, ಇಲ್ಲದಿದ್ದರೆ ಈ ಔಷಧದಿಂದ ಕಣ್ಣು ಕೆಂಡದಂತೆ ಉರಿಯುತ್ತದೆ. ಅದು ಮಿದುಳಿನ ಹಿಂಭಾಗವನ್ನೂ ಕಾಡಬಲ್ಲದು, ನಡಿಗೆ ತೂಗಾಡುತ್ತದೆ, ಮಾತು ತೊದಲುತ್ತದೆ. ಅದಕ್ಕೆ ನಾವು ಪ್ರತಿ ಡೋಸಿಗೆ ಮುಂಚೆ ರೋಗಿಯಿಂದ ಒಂದೇ ಹಾಳೆಯ ಮೇಲೆ, ಒಂದರ ಕೆಳಗೆ ಒಂದು ಸಹಿ ಮಾಡಿಸುತ್ತಿದ್ದೆವು. ನಿನ್ನೆಯ ಸಹಿಗಿಂತ ಇಂದಿನ ಸಹಿಯಲ್ಲಿ ಗೆರೆ ನಡುಗಿದ್ದರೆ ಡ್ರಿಪ್ ನಿಲ್ಲಿಸಿ ವೈದ್ಯರನ್ನು ಕರೆಯುವುದು. ನಿಮ್ಮ ತಮ್ಮನಿಂದಲೂ ಮಾಡಿಸಿ. ಆಸ್ಪತ್ರೆಯವರು ಕೇಳದಿದ್ದರೂ ನೀವೇ ಒಂದು ನೋಟುಬುಕ್ ಇಡಿ.

ನಿಜವಾದ ಕಷ್ಟ ಡ್ರಿಪ್ ಮುಗಿದ ಮೇಲೆ ಬರುತ್ತದೆ. ಎರಡನೆಯ ವಾರದಲ್ಲಿ ಬಿಳಿ ರಕ್ತಕಣ ಪಾತಾಳಕ್ಕೆ ಇಳಿಯುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಕಂಡರೂ ಅದು ತುರ್ತು. ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯಬಾರದು. ಬ್ಯಾಡಗಿಯಿಂದ ಹುಬ್ಬಳ್ಳಿಗೆ ರಾತ್ರಿ ಎರಡಕ್ಕೆ ಹೊರಡಲು ವಾಹನ ಯಾರದು ಎಂದು ಮೊದಲೇ ಗೊತ್ತು ಮಾಡಿಕೊಂಡಿರಿ. ಆದರೆ ಆ ಎರಡು ವಾರ ಹುಬ್ಬಳ್ಳಿಯಲ್ಲೇ ಒಂದು ಕೋಣೆ ಹಿಡಿಯುವುದು ಇನ್ನೂ ಒಳ್ಳೆಯದು.

ರಾಣೆಬೆನ್ನೂರಿನ ತಾಯಿ

ಎಲ್ಲರಿಗೂ ಕಸಿ ಬೇಕು ಎಂಬ ಭಾವನೆ ಓದುವವರಿಗೆ ಬರಬಾರದೆಂದು ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಆರು ವರ್ಷವಿದ್ದಾಗ ಎಎಲ್ಎಲ್, ಅಂದರೆ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ ಬಂತು. ಅವಳಿಗೆ ಕಸಿ ಮಾಡಲಿಲ್ಲ. ಮಕ್ಕಳ ಎಎಲ್ಎಲ್‌ನಲ್ಲಿ ಬಹುಪಾಲು ಮಕ್ಕಳು ಕಿಮೋದಿಂದಲೇ ಗುಣವಾಗುತ್ತಾರೆ. ಆದರೆ ರಿಮಿಷನ್ ಬಂದ ಮೇಲಿನ ದಾರಿ ಬಹಳ ಉದ್ದ. ಮೊದಲ ತಿಂಗಳಲ್ಲೇ ರಿಮಿಷನ್ ಬಂತು, ಚಿಕಿತ್ಸೆ ನಡೆದದ್ದು ಎರಡೂವರೆ ವರ್ಷ. ಕನ್ಸಾಲಿಡೇಷನ್, ಆಮೇಲೆ ಇನ್ನೊಂದು ಸುತ್ತು ತೀವ್ರ ಕಿಮೋ, ಬೆನ್ನುಹುರಿಯ ನೀರಿಗೆ ಮೆಥೊಟ್ರೆಕ್ಸೇಟ್ ಸೂಜಿ. ರೋಗ ಮಿದುಳಿನಲ್ಲಿ ಅಡಗಿ ಕೂರಬಾರದೆಂದು ಆ ಸೂಜಿ. ಕೊನೆಗೆ ಮೇಂಟೆನೆನ್ಸ್: ದಿನಾ ರಾತ್ರಿ 6-ಎಂಪಿ ಮಾತ್ರೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ.

ಆ ಮಾತ್ರೆಗಳ ಕಾಲವೇ ಅಪಾಯದ ಕಾಲ. ಮಗು ಶಾಲೆಗೆ ಹೋಗುತ್ತಿರುತ್ತದೆ, ಕೂದಲು ಬಂದಿರುತ್ತದೆ, ಎರಡು ದಿನ ಮರೆತರೇನು ಎನ್ನಿಸುತ್ತದೆ. ನಾನು ದೇವರ ಕೋಣೆಯ ಕ್ಯಾಲೆಂಡರಿನಲ್ಲಿ ದಿನಾ ಕುಂಕುಮದ ಚುಕ್ಕೆ ಇಡುತ್ತಿದ್ದೆ. ಮಾತ್ರೆ ಒಳಗೆ ಹೋದ ಮೇಲೆಯೇ ಚುಕ್ಕೆ. ಚುಕ್ಕೆ ಇಲ್ಲದ ದಿನ ಎರಡೂವರೆ ವರ್ಷದಲ್ಲಿ ಮೂರು, ಆ ಮೂರೂ ದಿನ ವೈದ್ಯರೇ ರಕ್ತಕಣ ಇಳಿದಿದೆ ಎಂದು ನಿಲ್ಲಿಸಿದ್ದರು. ಈಗ ಅವಳಿಗೆ ಹನ್ನೊಂದು.

ಉಣಕಲ್ ಕೆರೆ ದಂಡೆ

ನನ್ನದು ಎಪಿಎಲ್ ಎಂಬ ಬಗೆ. ಅಟ್ರಾ ಮಾತ್ರೆ ಮತ್ತು ಆರ್ಸೆನಿಕ್ ಟ್ರೈಆಕ್ಸೈಡ್ ಡ್ರಿಪ್, ಇಷ್ಟರಲ್ಲೇ ಗುಣ. ಕಸಿಯ ಮಾತೇ ಬರಲಿಲ್ಲ. ಲುಕೇಮಿಯಾ ಎಂಬ ಒಂದೇ ಹೆಸರಿನ ಕೆಳಗೆ ಎಷ್ಟೋ ರೋಗಗಳಿವೆ, ಪಕ್ಕದ ಹಾಸಿಗೆಯವರ ಚಿಕಿತ್ಸೆಗೆ ನಿಮ್ಮದನ್ನು ಹೋಲಿಸಿ ಕಂಗೆಡಬೇಡಿ.

ಸಪ್ತಾಪುರದಿಂದ

ಇಬ್ಬರೂ ಸರಿಯಾಗಿ ಹೇಳಿದ್ದೀರಿ. ಎಎಂಎಲ್‌ನಲ್ಲೂ ಹಾಗೆಯೇ. ಕೋಶದಲ್ಲಿನ ದೋಷ ನೋಡಿ, ರೋಗ ಮರುಕಳಿಸುವ ಸಾಧ್ಯತೆಯ ಮೇಲೆ ಗುಂಪು ಮಾಡುತ್ತಾರೆ. 8 ಮತ್ತು 21ನೆಯ ವರ್ಣತಂತುಗಳು ತುಂಡು ಬದಲಿಸಿಕೊಂಡಿರುವುದು, 16ನೆಯದು ತಿರುಗಿಕೊಂಡಿರುವುದು, ಇವು ಒಳ್ಳೆಯ ಗುಂಪು. ಇವರಲ್ಲಿ ಹೆಚ್ಚಿನವರಿಗೆ ಹೈ ಡೋಸ್ ಸೈಟರಾಬಿನ್ ಮೂರು ನಾಲ್ಕು ಸುತ್ತು ಕೊಟ್ಟು ಕಾದು ನೋಡುತ್ತಾರೆ. ಟಿಪಿ53 ದೋಷ, ಅನೇಕ ವರ್ಣತಂತುಗಳು ಕಲಸಿಹೋಗಿರುವುದು, ಇವು ಕೆಟ್ಟ ಗುಂಪು. ಇವರಿಗೆ ಬರಿಯ ಕಿಮೋ ಸಾಲುವುದಿಲ್ಲ. ಎಫ್‌ಎಲ್‌ಟಿ3-ಐಟಿಡಿ ಎಂಬ ಬಗೆಯ ದೋಷ ಇರುವವರನ್ನು 2022ರ ಯುರೋಪಿನ ಮಾರ್ಗಸೂಚಿ ನಡುವಿನ ಗುಂಪಿನಲ್ಲಿ ಇಟ್ಟಿದೆ. ಮರುಕಳಿಸುವ ಸಾಧ್ಯತೆ ಹೆಚ್ಚಿರುವುದರಿಂದ ಮೊದಲ ರಿಮಿಷನ್ನಿನಲ್ಲೇ ಕಸಿ ಮಾಡಿಬಿಡಿ ಎನ್ನುವ ವೈದ್ಯರೇ ಹೆಚ್ಚು. ಮಿಡೊಸ್ಟಾರಿನ್ ಎಂಬ ಮಾತ್ರೆಯ ಬಗ್ಗೆಯೂ ಕೇಳಿ. ಎಫ್‌ಎಲ್‌ಟಿ3ಗೆಂದೇ ಬಂದದ್ದು, ದುಬಾರಿ.

ಇನ್ನೊಂದು ಪ್ರಶ್ನೆ ಮರೆಯದೆ ಕೇಳಿ: ‘ಎಂಆರ್‌ಡಿ ಎಷ್ಟು?’ ಚಿಕಿತ್ಸೆಯ ನಂತರವೂ ಉಳಿದ ಕ್ಯಾನ್ಸರ್ ಕೋಶಗಳ ಅಳತೆ ಅದು. ಹತ್ತು ಸಾವಿರ ಕೋಶಗಳಲ್ಲಿ ಒಂದು ಕ್ಯಾನ್ಸರ್ ಕೋಶ ಉಳಿದಿದ್ದರೂ ಫ್ಲೋ ಸೈಟೊಮೆಟ್ರಿ ಎಂಬ ಪರೀಕ್ಷೆ ಹಿಡಿಯಬಲ್ಲದು. ಶೇ 2 ಬ್ಲಾಸ್ಟ್ ಎಂದು ಸಮಾಧಾನಪಡುವುದಕ್ಕಿಂತ ಈ ಉತ್ತರ ಮುಖ್ಯ.

ಗದಗ ಮುದ್ರಣ

ಒಂದು ನೋವಿನ ಸಂಗತಿ ಹೇಳುತ್ತೇನೆ, ಬೇರೆ ಯಾರಿಗೂ ಹೀಗಾಗಬಾರದು. ನನ್ನ ಹೆಂಡತಿಯ ರೋಗ ಪತ್ತೆಯಾದಾಗ ಮೊದಲು ಸೇರಿಸಿದ ಆಸ್ಪತ್ರೆಯವರು ವರ್ಣತಂತು ಪರೀಕ್ಷೆಗೆ ಮಜ್ಜೆಯ ಮಾದರಿ ಕಳುಹಿಸಲೇ ಇಲ್ಲ. ಅವಸರದಲ್ಲಿ ಕಿಮೋ ಶುರುವಾಯಿತು, ರಿಮಿಷನ್ ಬಂತು. ಕಸಿ ಬೇಕೇ ಬೇಡವೇ ಎಂದು ಬೆಂಗಳೂರಿನಲ್ಲಿ ಕೇಳಲು ಹೋದರೆ ಅಲ್ಲಿನ ವೈದ್ಯರು ಕೇಳಿದ ಮೊದಲ ಕಾಗದವೇ ಅದು. ರಿಮಿಷನ್ ಬಂದ ಮೇಲೆ ಮಜ್ಜೆ ತೆಗೆದರೆ ಆ ದೋಷ ಕಾಣುವುದಿಲ್ಲ. ರೋಗ ಯಾವ ಗುಂಪಿನದೆಂದು ತಿಳಿಯದೆ ನಾವು ಕತ್ತಲಲ್ಲಿ ನಿರ್ಧಾರ ಮಾಡಬೇಕಾಯಿತು. ಕಸಿ ಮಾಡಿಸಿದೆವು. ಇವತ್ತು ಅವಳು ಚೆನ್ನಾಗಿದ್ದಾಳೆ, ಆದರೆ ಆ ಕಸಿ ಬೇಕಾಗಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹೊಸದಾಗಿ ರೋಗ ಪತ್ತೆಯಾದವರ ಮನೆಯವರು ಇದನ್ನು ಓದುತ್ತಿದ್ದರೆ, ಮೊದಲ ಕಿಮೋಗೆ ಮುಂಚೆಯೇ ‘ಸೈಟೊಜೆನೆಟಿಕ್ಸ್ (ವರ್ಣತಂತು ಪರೀಕ್ಷೆ) ಕಳುಹಿಸಿದ್ದೀರಾ, ಜೀನ್ ಪರೀಕ್ಷೆ ಕಳುಹಿಸಿದ್ದೀರಾ’ ಎಂದು ಕೇಳಿ. ವರದಿಯ ಮೂಲ ಪ್ರತಿ ನಿಮ್ಮ ಕೈಯಲ್ಲಿರಲಿ.

ಬ್ಯಾಡಗಿಯ ಅಣ್ಣ

ನೀವೆಲ್ಲ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಜೇಕಿನ ಮಾತಿಗೆ ತಲೆ ಎತ್ತಿ ನೋಡಿದರು. ಹೈ ಡೋಸ್ ಸೋಮವಾರ ಶುರು.

ಈಗ ಇನ್ನೊಂದು ತೊಡಕು. ನಾನು ಮತ್ತು ತಂಗಿ ಇಬ್ಬರೂ ಎಚ್‌ಎಲ್‌ಎಗೆ ರಕ್ತ ಕೊಡಬೇಕು. ತಂಗಿಗೆ 24, ಹೋದ ವರ್ಷ ಮದುವೆಯಾಗಿದೆ, ಶಿಗ್ಗಾವಿಯ ಮನೆ. ಬೆನ್ನೆಲುಬಿನಿಂದ ಮಜ್ಜೆ ಎಳೆಯುತ್ತಾರೆ, ಮುಂದೆ ಮಕ್ಕಳಾಗುವುದಿಲ್ಲ ಎಂದು ಅವಳ ಅತ್ತೆಗೆ ಯಾರೋ ಹೇಳಿದ್ದಾರೆ. ತಂಗಿ ಬರುತ್ತೇನೆ ಎನ್ನುತ್ತಾಳೆ, ಆದರೆ ಫೋನಿನಲ್ಲಿ ಅಳುತ್ತಾಳೆ.

ಬೆಟಗೇರಿ ಮಗ್ಗ

ಇದಕ್ಕೆ ನನಗಿಂತ ನನ್ನ ತಂಗಿಯೇ ಉತ್ತರ ಹೇಳಬೇಕು. ಅವಳನ್ನು ಇಲ್ಲಿಗೆ ಕರೆದಿದ್ದೇನೆ.

ದಾನಿ ತಂಗಿ, ಗದಗ

ಅಣ್ಣ ಕರೆದ ಎಂದು ಬಂದೆ. ಶಿಗ್ಗಾವಿಯ ತಂಗಿಗೆ ಇದನ್ನು ಓದಿಸಿ, ಆಕೆಯ ಅತ್ತೆಗೂ ಓದಿಸಿ.

ಬೆನ್ನುಹುರಿಯನ್ನು ಯಾರೂ ಮುಟ್ಟುವುದಿಲ್ಲ. ನನಗೆ ನಾಲ್ಕೈದು ದಿನ ಹೊಟ್ಟೆಯ ಚರ್ಮಕ್ಕೆ ಜಿ-ಸಿಎಸ್‌ಎಫ್ ಎಂಬ ಸಣ್ಣ ಸೂಜಿ ಹಾಕಿದರು. ಮಜ್ಜೆಯಲ್ಲಿರುವ, ರಕ್ತ ಹುಟ್ಟಿಸುವ ಕಾಂಡಕೋಶಗಳು ಅದರಿಂದ ರಕ್ತಕ್ಕೆ ಇಳಿಯುತ್ತವೆ. ಮೂರನೆಯ ದಿನ ಸೊಂಟ, ತೊಡೆ ಮುಂಗಾರಿನಲ್ಲಿ ನಾಟಿ ಮಾಡಿ ಬಂದವರಿಗೆ ನೋಯುವ ಹಾಗೆ ನೋಯಿತು, ಮಾತ್ರೆ ಕೊಟ್ಟರು. ಐದನೆಯ ದಿನ ಯಂತ್ರದ ಪಕ್ಕ ಮಲಗಿದೆ. ಒಂದು ಕೈಯಿಂದ ರಕ್ತ ಹೋಗಿ, ಕಾಂಡಕೋಶ ಅಲ್ಲಿ ಉಳಿದು, ಮಿಕ್ಕದ್ದು ಇನ್ನೊಂದು ಕೈಗೆ ಮರಳಿ ಬರುತ್ತದೆ. ನಾಲ್ಕು ಗಂಟೆ. ತುಟಿ ಜುಮುಗುಟ್ಟಿತು, ಕ್ಯಾಲ್ಸಿಯಂ ಕೊಟ್ಟರು, ಸರಿಹೋಯಿತು. ಸಂಜೆ ನಡೆದುಕೊಂಡೇ ಹೊರಗೆ ಬಂದೆ. ಕೆಲವು ಕಡೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದಲೇ ಮಜ್ಜೆ ತೆಗೆಯುವುದೂ ಉಂಟು, ಅದೂ ಬೆನ್ನುಹುರಿ ಅಲ್ಲ. ಕೊಟ್ಟ ಕೋಶಗಳು ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಅದಾಗಿ ಎರಡನೆಯ ವರ್ಷ ನನಗೆ ಮಗಳು ಹುಟ್ಟಿದಳು.

ಇನ್ನೊಂದು ಹೇಳಬೇಕು. ಅಣ್ಣನದು ಬಿ ಪಾಸಿಟಿವ್ ರಕ್ತ ಆಗಿತ್ತು, ನನ್ನದು ಓ ಪಾಸಿಟಿವ್. ಈಗ ಅವನದೂ ಓ ಪಾಸಿಟಿವ್. ರಾಖಿ ಕಟ್ಟುವಾಗ ಪ್ರತಿ ವರ್ಷ ಅವನು ಅದನ್ನೇ ಹೇಳಿ ಕಣ್ಣೊರೆಸಿಕೊಳ್ಳುತ್ತಾನೆ.

ಸಪ್ತಾಪುರದಿಂದ

ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರನ್ನು ಪರೀಕ್ಷಿಸಿದರೆ ಒಬ್ಬರಾದರೂ ಹೊಂದುವ ಸಾಧ್ಯತೆ ಸುಮಾರು ಶೇ 44. ಹೊಂದದಿದ್ದರೂ ಬಾಗಿಲು ಮುಚ್ಚುವುದಿಲ್ಲ. ಚೆನ್ನೈನ ದಾತ್ರಿಯಂಥ ದಾನಿಗಳ ನೋಂದಣಿ ಸಂಸ್ಥೆಗಳಲ್ಲಿ ಹುಡುಕಬಹುದು. ಅರ್ಧ ಹೊಂದುವ ದಾನಿಯಿಂದಲೂ ಈಗ ಕಸಿ ಮಾಡುತ್ತಾರೆ. ತಂದೆ, ತಾಯಿ, ಮಕ್ಕಳು ಎಲ್ಲರೂ ಅರ್ಧ ಹೊಂದಿಯೇ ಇರುತ್ತಾರೆ. ಕಸಿಯ ನಂತರ ಮೂರನೆಯ, ನಾಲ್ಕನೆಯ ದಿನ ಸೈಕ್ಲೊಫಾಸ್ಫಮೈಡ್ ಕೊಡುವ ಪದ್ಧತಿ ಬಂದ ಮೇಲೆ ಇದು ಸುರಕ್ಷಿತವಾಯಿತು.

ಮತ್ತೆ, ತಮ್ಮನಿಗೆ ಮದುವೆ, ಮಕ್ಕಳ ಆಸೆ ಇದ್ದರೆ ಮುಂದಿನ ಕಿಮೋಗೆ ಮುಂಚೆಯೇ ವೀರ್ಯ ಶೇಖರಣೆಯ ಬಗ್ಗೆ ವೈದ್ಯರನ್ನು ಕೇಳಿ. ಕಸಿಗೆ ಮುಂಚಿನ ಔಷಧಗಳಿಂದ ಆ ಶಕ್ತಿ ಹೋಗುವ ಸಾಧ್ಯತೆ ಬಹಳ. ನಮ್ಮಲ್ಲಿ ಸಂಕೋಚದಿಂದ ಯಾರೂ ಇದನ್ನು ಕೇಳುವುದಿಲ್ಲ, ಆಮೇಲೆ ಮರುಗುತ್ತಾರೆ.

ಹೊಸ ಸದಸ್ಯ, ಸವಣೂರು

ಪಪ್ಪಾಯಿ ಎಲೆಯ ರಸ ಕುಡಿಸಿದರೆ ಪ್ಲೇಟ್‌ಲೆಟ್ ಏರುತ್ತದೆ ಎನ್ನುತ್ತಾರಲ್ಲ, ಕಿಮೋ ನಡುವೆ ಕೊಡಬಹುದೇ?

ಸಪ್ತಾಪುರದಿಂದ

ಬೇಡ. ಬಿಳಿ ರಕ್ತಕಣ ಇಲ್ಲದ ದೇಹಕ್ಕೆ ಹಸಿ ಎಲೆಯ ರಸದಲ್ಲಿನ ಒಂದು ಸೋಂಕು ಸಾಕು. ಪ್ಲೇಟ್‌ಲೆಟ್ ಬೇಕಾದಾಗ ಪ್ಲೇಟ್‌ಲೆಟ್ಟೇ ಕೊಡಬೇಕು.

ಹಾನಗಲ್ ರಸ್ತೆ

ಕಸಿಯಲ್ಲಿ ಜೀವಕ್ಕೆ ಅಪಾಯವಿಲ್ಲವೇ? ಇದನ್ನು ಯಾರೂ ಬರೆದಿಲ್ಲ.

ಬೆಟಗೇರಿ ಮಗ್ಗ

ಅಪಾಯವಿದೆ. ನನ್ನ ಪಕ್ಕದ ಕೋಣೆಯ ಹುಡುಗ ಕಸಿಯಾದ ಎಪ್ಪತ್ತನೆಯ ದಿನ ತೀರಿಕೊಂಡ. ಆಗ ಅವನಲ್ಲಿ ಲುಕೇಮಿಯಾ ಉಳಿದಿರಲಿಲ್ಲ, ದಾನಿಯ ಕೋಶಗಳು ಅವನ ಕರುಳನ್ನೇ ಪರಕೀಯವೆಂದು ಹೋರಾಡಿದವು. ಅದಕ್ಕೆ ಜಿವಿಎಚ್‌ಡಿ ಎನ್ನುತ್ತಾರೆ. ಚರ್ಮ, ಕರುಳು, ಯಕೃತ್ತು, ಮೂರಕ್ಕೂ ಬರಬಹುದು. ಆದರೆ ಕಸಿಯ ಬಲವೂ ಆ ಹೋರಾಟದಲ್ಲೇ ಇದೆ: ದಾನಿಯ ಕೋಶಗಳು ಅಡಗಿದ್ದ ಲುಕೇಮಿಯಾ ಕೋಶವನ್ನೂ ಹುಡುಕಿ ಕೊಲ್ಲುತ್ತವೆ. ಅದಕ್ಕಾಗಿಯೇ ಮರುಕಳಿಸುವ ಭಯ ದೊಡ್ಡದಿರುವವರಿಗೆ ಮಾತ್ರ ಈ ಅಪಾಯಕ್ಕೆ ಒಡ್ಡುವುದು. ಒಳ್ಳೆಯ ಗುಂಪಿನವರಿಗೆ ಕಸಿ ಬೇಡ ಎನ್ನುವುದೂ ಇದೇ ಲೆಕ್ಕದಿಂದ.

ಅಲ್ಲಿ ದಿನಗಳನ್ನು ಬೇರೆ ರೀತಿ ಎಣಿಸುತ್ತಾರೆ. ಮೈನಸ್ ಏಳು, ಮೈನಸ್ ಆರು, ಹೀಗೆ ಹಳೆಯ ಮಜ್ಜೆಯನ್ನು ಔಷಧದಿಂದ ಬರಿದು ಮಾಡುವ ದಿನಗಳು. ಸೊನ್ನೆಯ ದಿನ ತಂಗಿಯ ಕೋಶಗಳು ಒಂದು ಚೀಲದಲ್ಲಿ ಬಂದವು. ಟೊಮೆಟೊ ಸಾರಿನ ಬಣ್ಣ. ಆಪರೇಷನ್ ಇಲ್ಲ, ಕತ್ತಿ ಇಲ್ಲ, ರಕ್ತ ಏರಿಸುವ ಹಾಗೆ ಒಂದು ಗಂಟೆಯಲ್ಲಿ ಒಳಗೆ ಹೋಯಿತು. ಆಮೇಲೆ ಬಾಯಿಯೆಲ್ಲ ಹುಣ್ಣು, ಉಗುಳು ನುಂಗಲೂ ಆಗದು. ಅವ್ವ ಕಾಯಿಸಿ ಆರಿಸಿದ ಅಂಬಲಿಯನ್ನು ಚಮಚೆಯಲ್ಲಿ ಹಿಡಿದು ಗಾಜಿನ ಬಾಗಿಲಿನ ಆಚೆ ನಿಂತಿರುತ್ತಿದ್ದಳು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ದಿನಾ ಸೊನ್ನೆ, ಸೊನ್ನೆ. ಹದಿನಾಲ್ಕನೆಯ ದಿನ 180 ಎಂದರು. ಹದಿನಾರಕ್ಕೆ 620. ಮೂರು ದಿನ ಸತತ 500 ದಾಟಿದರೆ ಹೊಸ ಮಜ್ಜೆ ಬೇರು ಬಿಟ್ಟಿತೆಂದು ಅರ್ಥ.

ನೂರು ದಿನ ಆಸ್ಪತ್ರೆಯ ಹತ್ತಿರವೇ ಇರಬೇಕು. ಮನೆಗೆ ಬಂದ ಮೇಲೂ ಮಗ್ಗದ ಕೋಣೆಗೆ ಒಂದು ವರ್ಷ ಕಾಲಿಡಲಿಲ್ಲ, ಹತ್ತಿಯ ದೂಳು. ನಿಮ್ಮ ತಮ್ಮ ಮೆಣಸಿನಕಾಯಿ ಪೇಟೆ, ರಾಶಿ ಕಣ, ಹೊಟ್ಟು, ದನದ ಕೊಟ್ಟಿಗೆ ಇವುಗಳಿಂದ ದೂರ ಇರಬೇಕು. ದೂಳಿನಲ್ಲಿರುವ ಬೂಷ್ಟು ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಹಳೆಯ ರೋಗನಿರೋಧಕ ಶಕ್ತಿ ಅಳಿಸಿಹೋಗಿರುವುದರಿಂದ ಎಳೆಮಗುವಿನ ಲಸಿಕೆಗಳನ್ನೆಲ್ಲ ಮತ್ತೆ ಹಾಕಿಸಿಕೊಂಡೆ.

ಗದಗ ಮುದ್ರಣ

ದುಡ್ಡಿನ ಮಾತು. ಹತ್ತಾರು ಲಕ್ಷ ಬೇಕಾಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮುಖ್ಯಮಂತ್ರಿಗಳ ಪರಿಹಾರ ನಿಧಿ, ಪ್ರಧಾನಮಂತ್ರಿಗಳ ಪರಿಹಾರ ನಿಧಿ ಎರಡಕ್ಕೂ ಆಸ್ಪತ್ರೆಯ ಅಂದಾಜು ಪಟ್ಟಿ ಸಿಕ್ಕ ದಿನವೇ ಅರ್ಜಿ ಹಾಕಿ. ವೆಲ್ಲೂರಿನ ಸಿಎಂಸಿ ಆಸ್ಪತ್ರೆ 1986ರಿಂದ ಕಸಿ ಮಾಡುತ್ತಿದೆ. ಮುಂಬೈನ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ದೇಶದ ಮೊದಲ ಕಸಿ ಆದದ್ದು 1983ರಲ್ಲಿ, ಈಗ ಅವರ ಕಸಿ ವಿಭಾಗ ಖಾರಘರ್‌ನಲ್ಲಿದೆ. ಬೆಂಗಳೂರಿನಲ್ಲೂ ಹಲವು ಕೇಂದ್ರಗಳಿವೆ. ಎರಡು ಕಡೆಯಾದರೂ ಕೇಳಿ, ಸರದಿ ಎಲ್ಲಿ ಬೇಗ ಬರುತ್ತದೆ ಎನ್ನುವುದೂ ಮುಖ್ಯ.

ರೈಲಿನಲ್ಲಿ ಸ್ಲೀಪರ್ ಮತ್ತು ಮೂರನೆಯ ದರ್ಜೆ ಎಸಿಗೆ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಪೂರ್ತಿ ವಿನಾಯಿತಿ, ಜೊತೆಗಾರರಿಗೆ ಶೇ 75. ಆಸ್ಪತ್ರೆಯಿಂದ ನಮೂನೆ ತುಂಬಿಸಿ ತನ್ನಿ. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ ಒಂದೂವರೆ ಕಿಲೋಮೀಟರ್ ಉದ್ದ, ನಿಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ನೋಡಿ ಗಾಲಿಕುರ್ಚಿ ಕೇಳಿ. ನನ್ನ ಹೆಂಡತಿ ಅರ್ಧ ದಾರಿಯಲ್ಲಿ ಕುಸಿದು ಕುಳಿತಿದ್ದಳು.

ಬ್ಯಾಡಗಿಯ ಅಣ್ಣ

ಹತ್ತೊಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಮೊದಲ ಹೈ ಡೋಸ್ ಮುಗಿದಿದೆ. ಆರು ಡೋಸ್, ಆರು ಸಹಿ, ಆರೂ ಒಂದೇ ಅಳತೆಯಲ್ಲಿವೆ. ಎಂಆರ್‌ಡಿ ಕೇಳಿದೆ, ಇನ್ನೂ ಉಳಿದಿದೆಯಂತೆ. ಹಾಗಾಗಿ ಕಸಿ ಬೇಕೆನ್ನುವುದರಲ್ಲಿ ಈಗ ಅಪ್ಪನಿಗೂ ಅನುಮಾನವಿಲ್ಲ. ನನ್ನ ಎಚ್‌ಎಲ್‌ಎ ಅರ್ಧ ಮಾತ್ರ. ತಂಗಿಯದು ಪೂರ್ತಿ ಹೊಂದಿದೆ. ವರದಿ ಬಂದ ದಿನ ಅವಳ ಅತ್ತೆಯವರೇ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಿದ್ದರು, ತಮ್ಮನಿಗೆಂದು ಬಿಸಿ ರೊಟ್ಟಿ ಕಟ್ಟಿಕೊಂಡು. ಮೆಣಸಿನಕಾಯಿಯನ್ನು ಚಿಕ್ಕಪ್ಪ ಬಿಡಿಸಿ ಒಣಗಿಸುತ್ತಿದ್ದಾರೆ.

ಈಗ ರಕ್ತಕಣ ಇಳಿದಿದೆ. ಪ್ಲೇಟ್‌ಲೆಟ್ 9,000. ಶನಿವಾರ ಹುಬ್ಬಳ್ಳಿಯಲ್ಲಿ ಯಂತ್ರದಿಂದ ಪ್ಲೇಟ್‌ಲೆಟ್ ಕೊಡುವ ಎ ಪಾಸಿಟಿವ್ ದಾನಿಗಳು ಇಬ್ಬರು ಬೇಕು. ರಕ್ತಸಂಬಂಧಿಗಳು ಕೊಡಬಾರದು ಎಂದಿದ್ದಾರೆ, ಕಸಿಗೆ ತೊಂದರೆಯಾಗುತ್ತದಂತೆ.

ಉಣಕಲ್ ಕೆರೆ ದಂಡೆ

ನಾನು ಕೊಡುವ ಹಾಗಿಲ್ಲ. ನನ್ನ ಮಗ ಎ ಪಾಸಿಟಿವ್, ವಯಸ್ಸು 22. ಶನಿವಾರ ಬೆಳಿಗ್ಗೆ ಎಂಟಕ್ಕೆ ತಿಂಡಿ ತಿನ್ನಿಸಿ ಕಳುಹಿಸುತ್ತೇನೆ.

ಹಾನಗಲ್ ರಸ್ತೆ

ಇನ್ನೊಬ್ಬ ನಾನು. ಮೊದಲ ಬಸ್ಸಿಗೆ ಹೊರಡುತ್ತೇನೆ.